ಮರ ನೆಟ್ಟವರಿಗೆ ಹಾರ ಬಿತ್ತು, ಉಳಿಸಿದವರನ್ನೂ ಹುಡುಕಿ

ಜೂನ್ 5ರಂದು ಸಸಿ ಹಿಡಿದು ಫೋಟೊಗೆ ನಿಂತವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಟಿಂಬರ್ ವ್ಯಾಪಾರಿ ಎಷ್ಟು ಸಲ ಬಂದು ದರ ಹೇಳಿದರೂ ಅಜ್ಜನ ಕಾಲದ ನಾಲ್ಕೆಕರೆ ಕಾಡನ್ನು ಕೊಡದೆ ಕಾಪಾಡಿಕೊಂಡವರ ಹೆಸರು ಪಕ್ಕದೂರಿಗೂ ಗೊತ್ತಿರುವುದಿಲ್ಲ. ಸರ್ಕಾರದ ಲೆಕ್ಕವೂ ಹೆಚ್ಚುಕಡಿಮೆ ಹೀಗೇ. 2011-12ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಹೊಸದಾಗಿ ನೆಟ್ಟು ಬದುಕಿಸಿದ ಪ್ರತಿ ಗಿಡಕ್ಕೆ ಮೂರು ವರ್ಷಗಳಲ್ಲಿ 35, 40, 50 ಎಂದು ಒಟ್ಟು 125 ರೂಪಾಯಿ ನಿಗದಿಯಾಗಿತ್ತು. ಒಳ್ಳೆಯದೇ. ಆದರೆ ತಲೆಮಾರುಗಳಿಂದ ನಿಂತ ಹೆಬ್ಬಲಸಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಕಾಡು ಉಳಿಸಿದ ಇಂಥವರನ್ನು ಊರೇ ಗುರುತಿಸಬಹುದು. ಅದಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ನಡಾವಳಿ ಪುಸ್ತಕದಲ್ಲಷ್ಟೇ ಉಳಿದಿದ್ದರೆ, ಈ ಕೆಲಸವನ್ನೇ ಅದಕ್ಕೆ ವಹಿಸಿ.

ಮೊದಲು ಹೆಸರು, ಆಮೇಲೆ ಪಹಣಿ

ಅರ್ಜಿ ಕರೆಯಬೇಡಿ. ಕರೆದರೆ ಬರುವವರು ಪ್ರಶಸ್ತಿಗೆಂದೇ ಓಡಾಡುವವರು. ಬದಲಿಗೆ ಜೇನು ಕೀಳುವವರನ್ನು, ಲೈನ್‌ಮನ್‌ನನ್ನು, ದನ ಬಿಡುವ ಅಜ್ಜಿಯನ್ನು ಕೇಳಿ: ಯಾರ ಜಾಗದಲ್ಲಿ ದೊಡ್ಡ ಮರ ಉಳಿದಿವೆ, ಯಾರ ಮನೆ ಹಿಂದಿನ ಒರತೆ ಬೇಸಿಗೆಯಲ್ಲೂ ಬತ್ತುವುದಿಲ್ಲ? ಹತ್ತು ಹೆಸರು ಸಿಕ್ಕರೆ ಧಾರಾಳವಾಯಿತು.

ಜಾಗ ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಪಹಣಿಯ 9ನೇ ಕಾಲಂ ನೋಡಿ. ಸೊಪ್ಪಿನ ಬೆಟ್ಟ, ಕುಮ್ಕಿ ಇವು ಸರ್ಕಾರಿ ಜಾಗಗಳು, ರೈತನಿಗೆ ಬಳಕೆಯ ಸವಲತ್ತು ಮಾತ್ರ. ಕೊಡಗಿನ ಬಾಣೆಯ ಲೆಕ್ಕವೇ ಬೇರೆ. ಬೆಟ್ಟವನ್ನು ಚೆನ್ನಾಗಿ ನೋಡಿಕೊಂಡವರನ್ನು ಬಿಡಬೇಕೆಂದಲ್ಲ, ಅವರಿಗೆ ಪ್ರತ್ಯೇಕ ಪಟ್ಟಿ ಮಾಡಿ. ಸ್ವಂತ ಹಿಡುವಳಿಯ ಜೊತೆ ಬೆರೆಸಿದರೆ ನಾಳೆ ಒತ್ತುವರಿಯ ತಕರಾರು ಸನ್ಮಾನದ ವೇದಿಕೆಗೇ ಬರುತ್ತದೆ. ಪಹಣಿಯಲ್ಲಿ ಗಂಡನ ಹೆಸರಿದ್ದು, ಕಾಡು ಕಾದದ್ದು ಹೆಂಡತಿಯೋ ತಾಯಿಯೋ ಆಗಿದ್ದರೆ ಇಬ್ಬರ ಹೆಸರನ್ನೂ ಬರೆಯಿರಿ.

ಹೆದರಿಕೆ ಹೋಗಲಾಡಿಸಿ

ಈ ಕೆಲಸ ಕೆಡುವುದು ಇಲ್ಲಿಯೇ. "ಮರ ಇದೆ ಅಂತ ಬರೆದುಕೊಂಡರೆ ಇಲಾಖೆಯವರು ಬಂದು ಅರಣ್ಯ ಅಂತ ಗುರುತು ಹಾಕ್ತಾರೆ" ಎಂಬ ಅಂಜಿಕೆ ಮಲೆನಾಡಿನ ಜಮೀನುದಾರರಲ್ಲಿ ಆಳವಾಗಿದೆ. ಡೀಮ್ಡ್ ಫಾರೆಸ್ಟ್ ಗೊಂದಲ ಕಂಡವರಿಗೆ ಇದು ಸಹಜ. ಆದ್ದರಿಂದ ಮನೆಗೆ ಹೋಗಿ ಕೂತು ಮಾತಾಡಿ. ಇದು ಗೌರವ ಮಾತ್ರ, ಜಮೀನಿನ ಹಕ್ಕಾಗಲಿ ದಾಖಲೆಯಾಗಲಿ ಬದಲಾಗುವುದಿಲ್ಲ ಎಂದು ಸಮಿತಿಯ ಠರಾವಿನಲ್ಲೇ ಬರೆದು ಪ್ರತಿ ಕೊಡಿ. ಒಪ್ಪದವರನ್ನು ಒತ್ತಾಯಿಸಬೇಡಿ.

ಸರ್ವೆ ನಂಬರ್ ಪ್ರಕಟಿಸಬೇಡಿ. ಗಂಧದ ಮರಗಳ ಸುದ್ದಿಯನ್ನಂತೂ ಎತ್ತಲೇಬೇಡಿ. 2001ರ ತಿದ್ದುಪಡಿಯ ಬಳಿಕ ಸ್ವಂತ ಜಮೀನಿನ ಗಂಧಕ್ಕೆ ಜಮೀನಿನವರೇ ಮಾಲೀಕರು, ನಿಜ. ಆದರೆ ಕಳ್ಳರೂ ಪೇಪರ್ ಓದುತ್ತಾರೆ. ಜಾಗದ ಗುರುತು ಸಿಗುವಂಥ ಒಂದು ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದರೆ ಸಾಕು.

ಕಾಡಿಗೆ ಹೋದಾಗ ಏನು ನೋಡಬೇಕು?

ಏಪ್ರಿಲ್‌ನಲ್ಲಿ ಹೋಗಿ. ಮಳೆಗಾಲದಲ್ಲಿ ಎಲ್ಲ ಜಾಗವೂ ಹಸಿರೇ. ಬೇಸಿಗೆಯ ಕೊನೆಗೆ ಬೆಂಕಿ ಬಿದ್ದಿದೆಯೋ, ತೊರೆಯಲ್ಲಿ ಪಸೆ ಇದೆಯೋ ಕಣ್ಣಿಗೇ ಕಾಣುತ್ತದೆ. ದೊಡ್ಡ ಮರಗಳ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಬರೆದುಕೊಳ್ಳಿ.

ದೊಡ್ಡ ಮರ ನೋಡಿಯೇ ಅಂಕ ಹಾಕಿಬಿಡಬೇಡಿ. ಎರಡು ಮೂರು ಕಡೆ 10 ಮೀಟರ್ ಉದ್ದ, 10 ಮೀಟರ್ ಅಗಲಕ್ಕೆ ಗೂಟ ಹೊಡೆದು ಹಗ್ಗ ಕಟ್ಟಿ. ಒಳಗೆ ಕುಕ್ಕರಗಾಲಲ್ಲಿ ಕೂತು ತರಗೆಲೆ ಸರಿಸಿದರೆ ಕೆಳಗೆ ಕಪ್ಪು ಮಣ್ಣು, ಬಿಳಿ ಬೂಸ್ಟಿನ ಎಳೆ, ಎರಡೆಲೆಯ ಮೊಳಕೆ ಕಾಣಬೇಕು. ಮೊಳಕಾಲುದ್ದದ್ದು, ಎದೆಯುದ್ದದ್ದು, ಆಳೆತ್ತರದ್ದು ಎಲ್ಲ ವಯಸ್ಸಿನ ಗಿಡಗಳೂ ಇವೆಯೇ ಎಂದು ಎಣಿಸಿ. ಮೇಲೆ ಭಾರಿ ಮತ್ತಿ, ನಂದಿ ಮರಗಳಿದ್ದು ಕೆಳಗೆ ಬರೀ ಲಂಟಾನ ಇದ್ದರೆ ಆ ಕಾಡಿಗೆ ಮುಂದಿನ ತಲೆಮಾರಿಲ್ಲ. ಅಕೇಸಿಯ ಸಾಲಂತೂ ಕಾಡೇ ಅಲ್ಲ, ಬೆಳೆ. ನನ್ನ ಮಟ್ಟಿಗೆ ಅದಕ್ಕೆ ಅಂಕ ಸೊನ್ನೆ.

ಒಣಗಿ ನಿಂತ ಮರ ಕಂಡರೆ ಸೋಮಾರಿತನ ಎನ್ನಬೇಡಿ. ಪೊಟರೆಯಿರುವ ಮುದಿ ಮರವಿಲ್ಲದೆ ಮಂಗಟ್ಟೆ ಮೊಟ್ಟೆಯಿಡದು. ಹಾಗೆಯೇ, ಬಳಸಿದ್ದೆಲ್ಲ ತಪ್ಪಲ್ಲ. ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆದು ಒಂದೆರಡು ಮರ ಕಡಿದವರೂ, ರೆಂಬೆ ಮುರಿಯದೆ ಉಪ್ಪಾಗೆ, ಮುರುಗಲು ಕೊಯ್ಯುವವರೂ ಒಳ್ಳೆಯ ಪಾಲಕರೇ.

ಶಾಲು ಬೇಡ, ಆಳು ಕೊಡಿ

ಶಾಲು, ಹಣ್ಣಿನ ಬುಟ್ಟಿ ಮನೆಯ ಅಟ್ಟ ಸೇರುತ್ತವೆ. ದಣಪೆಯ ಬಳಿ ಒಂದು ಬೋರ್ಡು ಹಾಕಿ. ಅಮೆರಿಕದಲ್ಲಿ 1941ರಲ್ಲಿ ವಾಷಿಂಗ್ಟನ್ ರಾಜ್ಯದಿಂದ ಶುರುವಾದ ಟ್ರೀ ಫಾರ್ಮ್ ಪದ್ಧತಿಯಲ್ಲಿ, ಪರಿಶೀಲನೆಯಲ್ಲಿ ಪಾಸಾದವರ ಬೇಲಿಯ ಮೇಲೆ ಇಂಥ ಫಲಕ ಏರುತ್ತದೆ. ಅದಕ್ಕಿಂತಲೂ ಬೇಕಾದದ್ದು ಕೈನೆರವು: ಜನವರಿಯಲ್ಲಿ ಬೆಂಕಿ ರೇಖೆ ಸವರಲು ಒಂದು ದಿನ ಊರಿನ ಮುಯ್ಯಾಳು, ಲಂಟಾನ ಕೀಳಲು ಶ್ರಮದಾನ, ಪೋಡಿ ದುರಸ್ತಿಯ ಕಾಗದಕ್ಕೆ ಓಡಾಡುವ ಒಬ್ಬ ತಿಳಿದವ.

ದುಡ್ಡು ಕೊಡುವುದಾದರೆ ನಷ್ಟಕ್ಕೆ ಕೊಡಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟಿದ ಹುಣಸೆ ಮರದ ಹಣ್ಣು ಕೊಯ್ಯದೆ ಬಿಟ್ಟವರಿಗೆ ಅರಣ್ಯ ಇಲಾಖೆ ಹಣ ಕೊಡುವ ಏರ್ಪಾಡು ಮಾಡಿತು. ಆ ಊರು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಯಡಿ ಒಬ್ಬ ವ್ಯಕ್ತಿಯೂ ತನ್ನ ಜಮೀನನ್ನು ಹೀಗೆ ಘೋಷಿಸಿಕೊಳ್ಳಲು ಮುಂದೆ ಬರಬಹುದು. ಆದರೆ ಘೋಷಣೆಯಾದ ಮೇಲೆ ಭೂಬಳಕೆ ಬದಲಿಸಲು ನಿರ್ವಹಣಾ ಸಮಿತಿಯ ಠರಾವು, ಸರ್ಕಾರದ ಒಪ್ಪಿಗೆ ಎರಡೂ ಬೇಕು. ಇದನ್ನು ಮೊದಲೇ ಬಿಡಿಸಿ ಹೇಳಿ.

ಗೌರವಕ್ಕೆ ಮೇ 22ರ ಜೀವವೈವಿಧ್ಯ ದಿನ ಅನುಕೂಲ, ಗ್ರಾಮಸಭೆಯಾದರೆ ಇನ್ನೂ ಒಳ್ಳೆಯದು. ಬರೆದುಕೊಂಡ ಅಳತೆಗಳು ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲೆ ಸೇರಲಿ. ಮೂರು ವರ್ಷಕ್ಕೊಮ್ಮೆ ಅದೇ ಗೂಟದ ಜಾಗಕ್ಕೆ ಹೋಗಿ ಮತ್ತೆ ಎಣಿಸಿ. ಕಾಡು ಬೋಳಾಗಿದ್ದರೆ ಬೋರ್ಡು ಇಳಿಸಿ, ಗಲಾಟೆ ಬೇಡ.

ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆಂದು ಕಾರ್ಯದರ್ಶಿ ಅಥವಾ ಪಿಡಿಒ ಬಳಿ ಈ ವಾರವೇ ವಿಚಾರಿಸಿ. ಮುಂದಿನ ಗ್ರಾಮಸಭೆಗೆ ಒಂದು ಹೆಸರನ್ನಾದರೂ ಬರೆದುಕೊಂಡು ಹೋಗಿ.