ಹೊರನಾಡಿನ ಕನ್ನಡ ತರಗತಿ ಮತ್ತು ಅಂತರಜಾಲದ ಪಾಠಯೋಜನೆಗಳು

ಮುಂಬಯಿ ಕನ್ನಡಿಗರ ಭಾಷಾಶಿಕ್ಷಣದ ಚರಿತ್ರೆಯಲ್ಲಿ ಕನ್ನಡ ಮಾಧ್ಯಮದ ಹಗಲು ಶಾಲೆಗಳಿಗೂ ರಾತ್ರಿಶಾಲೆಗಳಿಗೂ ಗೌರವದ ಸ್ಥಾನವಿದೆ. 1970ರಲ್ಲಿ ಸ್ಥಾಪನೆಗೊಂಡ ಸಿಡ್ಕೊ ಸಂಸ್ಥೆಯು ಕಟ್ಟಿದ ನವಿಮುಂಬಯಿಯಲ್ಲಿ, ವಿಶೇಷವಾಗಿ ಈಚೆಗೆ ಬೆಳೆದ ಖಾರಘರದಂತಹ ಉಪನಗರದಲ್ಲಿ, ಪರಿಸ್ಥಿತಿ ಬೇರೆಯಾಗಿದೆ. ಇಲ್ಲಿನ ಕನ್ನಡಿಗರ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಮನೆಮಾತು ಕನ್ನಡವಿರಬಹುದು, ತುಳು ಅಥವಾ ಕೊಂಕಣಿಯೂ ಇರಬಹುದು. ಇವರಿಗೆ ಕನ್ನಡದ ಅಕ್ಷರಾಭ್ಯಾಸವಾಗುವುದಿದ್ದರೆ ಅದು ರಜಾದಿನದ ತರಗತಿಯಲ್ಲಿ ಮಾತ್ರ. ಅಲ್ಲಿ ಕಲಿಸಲು ಮುಂದಾಗುವವರಲ್ಲಿ ಗೃಹಿಣಿಯರೂ ನಿವೃತ್ತರೂ ಇರುತ್ತಾರೆ. ಬೋಧನಾಶಾಸ್ತ್ರದ ತರಬೇತಿ ಎಲ್ಲರಿಗೂ ಇರುವುದಿಲ್ಲ. ಅವರು ಅಂತರಜಾಲದ ಪಾಠಯೋಜನೆಗಳತ್ತ ನೋಡುವುದು ಸಹಜ. ಅಲ್ಲಿ ಏನಿದೆ, ಅದರಲ್ಲಿ ನಮಗೆ ಒದಗುವುದು ಯಾವುದು ಎಂಬುದನ್ನು 6ರಿಂದ 8ನೆಯ ತರಗತಿಯ ಮಕ್ಕಳನ್ನು ಲಕ್ಷ್ಯದಲ್ಲಿರಿಸಿಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಕಲಿಯುವವನ ಸ್ವರೂಪವನ್ನು ಅರಿಯಬೇಕು. ಖಾರಘರದ ಏಳನೆಯ ತರಗತಿಯ ವಿದ್ಯಾರ್ಥಿಯ ವಯಸ್ಸು ಹನ್ನೆರಡು. ಆದರೆ ಅವನ ಬರೆಹದ ಕನ್ನಡದ ವಯಸ್ಸು ಐದೋ ಆರೋ. ಕರ್ನಾಟಕದ ಏಳನೆಯ ತರಗತಿಯ ಪ್ರಥಮ ಭಾಷೆಯ ಪಾಠಯೋಜನೆ ಅವನಿಗೆ ಎಟುಕದು. ಒಂದನೆಯ ತರಗತಿಯ ಯೋಜನೆ ಎಟುಕುತ್ತದೆ, ಆದರೆ ಅವನ ಬುದ್ಧಿಯನ್ನು ಅವಮಾನಿಸುತ್ತದೆ. ಬಣ್ಣ ತುಂಬುವ ಚಿತ್ರವನ್ನು ಮುಂದಿಟ್ಟರೆ ಅವನು ಮುಂದಿನ ವಾರ ತರಗತಿಗೆ ಬಾರದೆ ಉಳಿಯಬಹುದು. ಹೊರನಾಡಿನಲ್ಲಿ ಹಾಗೆ ಬಿಟ್ಟುಹೋದ ಮಗು ಕನ್ನಡದ ಓದಿಗೆ ಮರಳುವ ಅವಕಾಶ ವಿರಳ.

ಆಕರಗಳಿಗೆ ಕೊರತೆಯಿಲ್ಲ. ಕೇಂದ್ರ ಸರಕಾರದ 'ದೀಕ್ಷಾ' ವೇದಿಕೆ 2017ರಲ್ಲಿ ಆರಂಭವಾಯಿತು. ಕರ್ನಾಟಕದ ಪಠ್ಯಪುಸ್ತಕಗಳು ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಪುಣೆಯ 'ಬಾಲಭಾರತಿ' ಸಂಸ್ಥೆಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಸಿದ್ಧಪಡಿಸಿದ ಪುಸ್ತಕಗಳೂ ಹಾಗೆಯೇ ಲಭ್ಯ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಓದಿನ ಮಟ್ಟಕ್ಕನುಗುಣವಾಗಿ ವಿಂಗಡಿಸಿದ ಕನ್ನಡ ಕಥೆಗಳಿವೆ. ಅವನ್ನು ಮುದ್ರಿಸಿ ಹಂಚಲು ಅನುಮತಿಯೂ ಇದೆ. ಇವಲ್ಲದೆ ಶಿಕ್ಷಕರು ತಾವೇ ರಚಿಸಿ ಹಂಚಿಕೊಂಡ ಪಾಠಯೋಜನೆಗಳು ಹೇರಳವಾಗಿವೆ.

ಇವುಗಳಲ್ಲಿ ಆಯ್ಕೆ ಮಾಡುವಾಗ ಮೂರು ಅಂಶಗಳನ್ನು ಗಮನಿಸಬೇಕು. ಒಂದು, ಅದು ಯಾವ ಭಾಷಾಸ್ಥಾನಕ್ಕೆ ರಚಿತವಾದುದು ಎಂಬುದು. ಕರ್ನಾಟಕದಲ್ಲಿ ಪ್ರಥಮ, ದ್ವಿತೀಯ, ತೃತೀಯ ಭಾಷೆಗಳೆಂದು ಕನ್ನಡಕ್ಕೆ ಬೇರೆ ಬೇರೆ ಪಠ್ಯಗಳಿವೆ. ತೃತೀಯ ಭಾಷೆಯ ಕಲಿಕೆ ಅಲ್ಲಿ ಆರಂಭವಾಗುತ್ತಿದ್ದುದು ಆರನೆಯ ತರಗತಿಯಲ್ಲಿ. ಎಂದರೆ ಆ ಪಠ್ಯದ ಓದುಗ ಹನ್ನೊಂದು ವರ್ಷದ ಹೊಸ ಕಲಿಕೆಗಾರ. ನಮ್ಮ ವಿದ್ಯಾರ್ಥಿಗೆ ಇದಕ್ಕಿಂತ ಹತ್ತಿರದ ಆಕರ ಬೇರೊಂದಿಲ್ಲ. ಆದಕಾರಣ ಹುಡುಕುವಾಗ ತರಗತಿಯ ಸಂಖ್ಯೆಯೊಂದಿಗೆ 'ತೃತೀಯ ಭಾಷೆ' ಎಂಬ ಪದವನ್ನೂ ಸೇರಿಸಬೇಕು. ಎರಡು, ಯೋಜನೆಯ ಚೌಕಟ್ಟು. ಇಂದು ಬಳಕೆಯಲ್ಲಿರುವ ಐದು ಹಂತಗಳ ಮಾದರಿ, ಅಂದರೆ ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಮಾಡುವುದು ಎಂಬ ಕ್ರಮವು, 1980ರ ದಶಕದಲ್ಲಿ ಅಮೆರಿಕದಲ್ಲಿ ವಿಜ್ಞಾನಬೋಧನೆಗಾಗಿ ರೂಪುಗೊಂಡುದು. ಪದ್ಯಪಾಠದಲ್ಲಿ ಅದು ಅನೇಕ ವೇಳೆ ಕೋಷ್ಟಕ ತುಂಬುವ ಕೆಲಸವಾಗಿ ಬಿಡುತ್ತದೆ. ಮಗು ಎಷ್ಟು ಹೊತ್ತು ಮಾತನಾಡುತ್ತದೆ, ಏನನ್ನು ಬರೆಯುತ್ತದೆ ಎಂಬುದು ಯೋಜನೆಯಲ್ಲಿ ಕಾಣದಿದ್ದರೆ ಅದನ್ನು ಬದಿಗಿಡುವುದೇ ಲೇಸು. ಮೂರು, ಅಕ್ಷರವಿನ್ಯಾಸ. ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಸಿದ್ಧವಾದ ಕಡತಗಳ ಒಳಗಿನ ಪದಗಳು ಹುಡುಕಾಟಕ್ಕೆ ಸಿಗುವುದಿಲ್ಲ. ಅಂತಹವನ್ನು ಪಾಠದ ಶೀರ್ಷಿಕೆಯಿಂದಲೇ ಹುಡುಕಬೇಕಾಗುತ್ತದೆ.

ಇಷ್ಟಾದರೂ ಒಂದು ಅಂತರ ಉಳಿಯುತ್ತದೆ. ನಮ್ಮ ವಿದ್ಯಾರ್ಥಿ ಹಿಂದಿ, ಮರಾಠಿಗಳ ಮೂಲಕ ದೇವನಾಗರಿಯನ್ನು ಬಲ್ಲವನು. ಕರ್ನಾಟಕಕ್ಕಾಗಿ ರಚಿತವಾದ ಯೋಜನೆ ಇದನ್ನು ಗಣಿಸಬೇಕಾಗಿಲ್ಲ, ನಾವು ಗಣಿಸಲೇಬೇಕು. ವರ್ಣಮಾಲೆಯ ಕ್ರಮ ಅವನಿಗೆ ಗೊತ್ತಿರುವುದರಿಂದ 'ಅ'ಕಾರದಿಂದ ತಿಂಗಳುಗಟ್ಟಲೆ ತಿದ್ದಿಸಬೇಕಾಗಿಲ್ಲ. ತೊಡಕುಗಳು ಬರುವುದು ಬೇರೆಡೆ. ಹಿಂದಿ ಮರಾಠಿಗಳ ರೂಢಿಯ ವರ್ಣಮಾಲೆಯಲ್ಲಿ ಎ, ಒ ಎಂಬ ಹ್ರಸ್ವಗಳಿಗೆ ಪ್ರತ್ಯೇಕ ಅಕ್ಷರಗಳಿಲ್ಲ. ಆದ್ದರಿಂದ 'ಬೆಳೆ'ಗೂ 'ಬೇಳೆ'ಗೂ, 'ಕೊಡು'ವಿಗೂ 'ಕೋಡು'ವಿಗೂ ಇರುವ ಭೇದ ಅವನ ಕಣ್ಣಿಗೆ ಬೀಳುವುದಿಲ್ಲ. ಪದಾಂತ್ಯದ ಅಕಾರವನ್ನು ನುಂಗುವ ಹಿಂದಿಯ ಅಭ್ಯಾಸದಿಂದ 'ಮರ'ವು 'ಮರ್' ಆಗುತ್ತದೆ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾದರೆ, ಕನ್ನಡದಲ್ಲಿ ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ.

ಇದನ್ನು ಆಧರಿಸಿ ನಲವತ್ತು ನಿಮಿಷದ ಒಂದು ಪಾಠವನ್ನು ಹೀಗೆ ಯೋಜಿಸಬಹುದು. ಮೊದಲ ಹತ್ತು ನಿಮಿಷ, ಬೆಳೆ-ಬೇಳೆಯಂತಹ ನಾಲ್ಕು ಜೋಡಿಗಳನ್ನು ಕೇಳಿ ಗುರುತಿಸುವುದು. ಅನಂತರ ಹದಿನೈದು ನಿಮಿಷ, ಆ ಮಟ್ಟಕ್ಕೆ ತಕ್ಕ ಒಂದು ಕಿರುಗಥೆಯನ್ನು ಸರದಿಯಂತೆ ಗಟ್ಟಿಯಾಗಿ ಓದುವುದು. ಮುಂದಿನ ಹತ್ತು ನಿಮಿಷ, ಕಥೆಯ ಪಾತ್ರ ಮಾಡಿದ್ದು ಸರಿಯೇ ಎಂಬ ಚರ್ಚೆ. ಇಲ್ಲಿ ಹನ್ನೆರಡರ ಬುದ್ಧಿಗೆ ಕೆಲಸ ದೊರೆಯುತ್ತದೆ. ಮಾತಿನ ನಡುವೆ ಹಿಂದಿಯೋ ತುಳುವೋ ನುಸುಳಿದರೆ ತಡೆಯಬಾರದು. ಕೊನೆಯ ಐದು ನಿಮಿಷ, ಊರಿನಲ್ಲಿರುವ ಅಜ್ಜಿಗೆ ಕಳುಹಿಸಬಹುದಾದ ಎರಡು ವಾಕ್ಯಗಳ ಬರವಣಿಗೆ.

ಒಟ್ಟಿನಲ್ಲಿ, ಅಂತರಜಾಲ ನಮಗೆ ಸಾಮಗ್ರಿಯನ್ನು ಧಾರಾಳವಾಗಿ ಒದಗಿಸುತ್ತದೆ. ಯೋಜನೆಯನ್ನು ಮಾತ್ರ ತರಗತಿಯ ಮಗುವನ್ನು ನೋಡಿ ನಾವೇ ಹೆಣೆಯಬೇಕು. ಡೊಂಬಿವಲಿ, ಠಾಣೆ, ಕಲ್ಯಾಣ, ನವಿಮುಂಬಯಿಗಳಲ್ಲಿ ಕನ್ನಡ ಕಲಿಸುವವರು ಹೀಗೆ ಪರೀಕ್ಷಿಸಿದ ಪಾಠಗಳನ್ನು ಒಂದೆಡೆ ಕೂಡಿಸಿದರೆ, ದೇವನಾಗರಿ ಬಲ್ಲ ಮಗುವಿಗೆ ಕನ್ನಡ ಕಲಿಸುವ ಒಂದು ಕೈಪಿಡಿ ಸಿದ್ಧವಾದೀತು. ವಿಶ್ವವಿದ್ಯಾಲಯದ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಲು ಯೋಗ್ಯವಾದ ಕಾರ್ಯವಿದು.