ಮನೆಯ ಗಣಕಯಂತ್ರದ ಮಂದಗತಿ

ಶಾಲೆಯ ಗಣಕಯಂತ್ರವು ಚುರುಕಾಗಿರುವಾಗ ಮನೆಯದು ಮಾತ್ರ ಏಕೆ ತೆವಳುತ್ತದೆಂದು ನಮ್ಮ ಮಕ್ಕಳು ಕೇಳುವುದುಂಟು. ಹೊಸದನ್ನು ಕೊಳ್ಳುವುದಲ್ಲದೆ ಬೇರೆ ದಾರಿಯಿಲ್ಲವೆಂದು ಹಿರಿಯರು ಚಿಂತಿಸುವುದೂ ಉಂಟು. ಸಾವಿರಾರು ರೂಪಾಯಿಗಳ ಮಾತಾದುದರಿಂದ ಇದನ್ನು ಕೊಂಚ ವಿಚಾರಿಸೋಣ.

ಕೇರಳದ ಸರಕಾರಿ ಶಾಲೆಗಳಲ್ಲಿ ಬಳಕೆಯಲ್ಲಿರುವುದು 'ಕೈಟ್' ಸಂಸ್ಥೆಯು ಒದಗಿಸುವ, ಉಬುಂಟುವನ್ನು ಆಧರಿಸಿದ ಮುಕ್ತ ತಂತ್ರಾಂಶ. ಇದರ ತಿರುಳಾದ ಲಿನಕ್ಸನ್ನು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಮೊದಲಿಗೆ ಬರೆದನು. ಇದನ್ನೇ ಮನೆಯಲ್ಲಿಯೂ ಸ್ಥಾಪಿಸಿಕೊಂಡವರು ನಮ್ಮಲ್ಲಿದ್ದಾರೆ.

ರೋಗವನ್ನರಿಯದೆ ಮದ್ದು ಕೊಡಲಾಗದು. ಟರ್ಮಿನಲ್ಲಿನಲ್ಲಿ 'ಫ್ರೀ' ಎಂಬ ಆಜ್ಞೆಯನ್ನು ಕೊಟ್ಟರೆ ಸ್ಮರಣೆಯ, ಅರ್ಥಾತ್ ರ‍್ಯಾಮಿನ, ಲೆಕ್ಕವು ಕಾಣುತ್ತದೆ. ಅಲ್ಲಿ 'ಫ್ರೀ' ಎಂಬ ಅಂಕಣದ ಅಲ್ಪಸಂಖ್ಯೆಯನ್ನು ಕಂಡು ಹೆದರಬೇಕಾಗಿಲ್ಲ. ಬರಿದಾಗಿ ಬಿದ್ದಿರುವ ಸ್ಮರಣೆಯಲ್ಲಿ ಲಿನಕ್ಸು ಆಗಲೇ ಓದಿದ ಕಡತಗಳನ್ನು ಇರಿಸಿಕೊಂಡು, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡತಕ್ಕದ್ದು 'ಅವೈಲಬಲ್' ಎಂಬ ಅಂಕಣವನ್ನು. ಅದು ತೀರ ಕುಗ್ಗಿ, 'ಸ್ವಾಪ್' ಸಾಲಿನ ಬಳಕೆಯು ಏರುತ್ತಿದ್ದರೆ ಸ್ಮರಣೆಯು ಸಾಲದೆಂದು ತಿಳಿಯಬೇಕು. ಆಗ ಯಂತ್ರವು ಸ್ಮರಣೆಯಲ್ಲಿರುವುದನ್ನು ಡಿಸ್ಕಿಗೆ ಸಾಗಿಸುತ್ತ, ಮರಳಿ ತರುತ್ತ ಇರುತ್ತದೆ. ಬಡಿಸುವವನು ಒಂದೊಂದು ಸೌಟಿಗೂ ಅಟ್ಟವೇರಿ ಇಳಿಯಬೇಕಾದರೆ ಪಂಕ್ತಿಯಲ್ಲಿ ಕುಳಿತವರ ಗತಿಯೇನು?

ಡಿಸ್ಕು ಹಳೆಯ ತಿರುಗುವ ಬಗೆಯದಾದರೆ ಕಷ್ಟವು ಇಮ್ಮಡಿಸುತ್ತದೆ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ. ನಿಮಿಷಕ್ಕೆ 5400 ಸುತ್ತುಗಳೆಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಭಾಗವು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಎಂದರೆ ಐದೂವರೆ ಮಿಲಿಸೆಕೆಂಡು, ಕಾಯಬೇಕು. ಮುಳ್ಳು ಸರಿಯುವ ಹೊತ್ತನ್ನೂ ಕೂಡಿಸಿದರೆ ಚದರಿದ ನೂರು ಕಡೆಗಳಿಂದ ಓದಲು ಒಂದು ಸೆಕೆಂಡೂ ಸಾಲದು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಷ್ಟೇ ಕಾಲದಲ್ಲಿ ಅದು ಸಾವಿರಾರು ಕಡೆಗಳಿಂದ ಓದಬಲ್ಲದು. ಆದುದರಿಂದ ಹಣವನ್ನು ಒಂದೇ ಕಡೆ ವ್ಯಯಿಸಬಹುದಾದರೆ ಮೊದಲು ಎಸ್‌ಎಸ್‌ಡಿ ಎಂಬುದೇ ನಮ್ಮ ಅಭಿಪ್ರಾಯ. ಸ್ಮರಣೆಯು 4 ಜಿಬಿ ಮಾತ್ರವಿದ್ದರೆ, ಯಂತ್ರದಲ್ಲಿ ಅವಕಾಶವುಂಟೇ ಎಂದು ನೋಡಿ 8ಕ್ಕೆ ಏರಿಸುವುದು ಅನಂತರದ ಮಾತು.

ಹಣವಿಲ್ಲದೆಯೂ ಆಗುವ ಕೆಲಸಗಳಿವೆ. ಗ್ನೋಮ್ ಎಂಬ ಭಾರವಾದ ಮುಖಪರದೆಗೆ ಬದಲಾಗಿ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯನ್ನು ಸ್ಥಾಪಿಸಿ, ಒಳಪ್ರವೇಶದ ವೇಳೆಯಲ್ಲಿ ಆರಿಸಿಕೊಳ್ಳಬಹುದು. ಬ್ರೌಸರಿನಲ್ಲಿ ಇಪ್ಪತ್ತು ಪುಟಗಳನ್ನು ತೆರೆದಿಡುವ ಅಭ್ಯಾಸವನ್ನು ಮಕ್ಕಳಿಗಿಂತ ಮೊದಲು ನಾವು ಹಿರಿಯರು ಬಿಡಬೇಕು! 'ಸ್ವಾಪಿನೆಸ್' ಎಂಬ ಅಂಕೆಯನ್ನು 60ರಿಂದ 10ಕ್ಕೆ ಇಳಿಸಿರೆಂದು ಬಹಳ ಮಂದಿ ಉಪದೇಶಿಸುತ್ತಾರೆ. ನಮಗೆ ಅದರಿಂದ ಹೇಳಿಕೊಳ್ಳುವಂತಹ ಲಾಭ ಕಂಡುಬರಲಿಲ್ಲ. ಕಿರಿದಾದ ಪಾತ್ರೆಯು ಅಂಕೆಯನ್ನು ತಿದ್ದಿದ ಮಾತ್ರಕ್ಕೆ ಹಿರಿದಾಗದಷ್ಟೆ.

'ಸುಡೊ' ಎಂದು ಆರಂಭವಾಗುವ ಆಜ್ಞೆಗೆ ಯಂತ್ರದ ಸಮಸ್ತ ಅಧಿಕಾರವೂ ದೊರೆಯುವುದರಿಂದ, ಅರ್ಥ ತಿಳಿಯದೆ ಅದನ್ನು ನಕಲಿಸಬಾರದು. ಡಿಸ್ಕನ್ನು ಬದಲಿಸುವವರು ಪಾಠದ ಕಡತಗಳನ್ನೂ ಮನೆಮಂದಿಯ ಭಾವಚಿತ್ರಗಳನ್ನೂ ಬೇರೊಂದು ಡ್ರೈವಿಗೆ ನಕಲಿಸಿ, ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸಿದ ಮೇಲೆಯೇ ತಿರುಪುಮೊಳೆಗೆ ಕೈಹಚ್ಚಬೇಕು.