ಕಡಲು ಸೇರುವ ಬಲೆ ಮತ್ತು ಪ್ಲಾಸ್ಟಿಕ್: ಒಳನಾಡಿನ ವರ್ತಕರಿಗೊಂದು ಅಧ್ಯಯನ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿಗೆ ಸೇರಿದ ಉಬ್ರಾಣಿಯು ಅಡಿಕೆ ತೋಟಗಳ ಹಾಗೂ ಕೆರೆಗಳ ಸೀಮೆ. ಭದ್ರಾ ನದಿಯ ನೀರನ್ನು ಮೇಲೆತ್ತಿ ಕೆರೆ ತುಂಬಿಸುವ ಉಬ್ರಾಣಿ-ಅಮೃತಾಪುರ ಏತ ನೀರಾವರಿ ಯೋಜನೆಯಿಂದ ಈ ಹೆಸರು ಹೊರಗಿನವರಿಗೂ ಪರಿಚಿತ. ಸಮುದ್ರ ಮಾಲಿನ್ಯವು ಮಲ್ಪೆ, ಮಂಗಳೂರು, ಕಾರವಾರಗಳ ಸಮಸ್ಯೆಯೇ ಹೊರತು ತಮ್ಮದಲ್ಲವೆಂಬ ಭಾವನೆ ಇಂತಹ ಊರುಗಳ ವರ್ತಕರಲ್ಲಿ ಸಹಜ. ಆದರೆ ನೀರಿನ ದಾರಿಯನ್ನೂ ವಸ್ತುವಿನ ಬೆಲೆಯನ್ನೂ ಪರಿಶೀಲಿಸಿದರೆ ಈ ಭಾವನೆ ನಿಲ್ಲುವುದಿಲ್ಲ.

ನೀರಿನ ದಾರಿ

ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ, ಅಂದರೆ ಸೂಳೆಕೆರೆ, ಹರಿದ್ರಾ ಹಳ್ಳಕ್ಕೆ ಕಟ್ಟಿದ ಕೆರೆ. ಈ ಹಳ್ಳವು ಹರಿಹರದ ಬಳಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳಕೊಲ್ಲಿಯನ್ನು ಸೇರುತ್ತವೆ. ಸಂತೆಯ ದಿನ ಚರಂಡಿಗೆ ಬಿದ್ದ ಚೀಲಕ್ಕೂ ಇದೇ ದಾರಿ. ನಡುವಣ ಜಲಾಶಯಗಳು ಬಹಳಷ್ಟನ್ನು ತಡೆಯಬಹುದು. ಆದರೆ ತಡೆದದ್ದು ಮಾಯವಾಗುವುದಿಲ್ಲ, ಕುಡಿಯುವ ಮತ್ತು ಮೀನು ಹಿಡಿಯುವ ನೀರಿನಲ್ಲಿಯೇ ಉಳಿಯುತ್ತದೆ.

ಒಡೆಯನಿಲ್ಲದ ಬಲೆ

ಹಿಂದೆ ಹತ್ತಿ ಹಾಗೂ ನಾರಿನ ಬಲೆಗಳು ಕೆಲಕಾಲದಲ್ಲಿ ಕೊಳೆತುಹೋಗುತ್ತಿದ್ದವು. ಇಂದಿನ ನೈಲಾನ್, ಪಾಲಿಥಿಲೀನ್ ಬಲೆಗಳು ವರ್ಷಾನುಗಟ್ಟಲೆ ಉಳಿಯುತ್ತವೆ. ಬಂಡೆಗೆ ಸಿಕ್ಕಿ ಹರಿದ ಅಥವಾ ಬಿರುಗಾಳಿಗೆ ಕೊಚ್ಚಿಹೋದ ಕಿವಿರು ಬಲೆಯು ಒಡೆಯನಿಲ್ಲದಿದ್ದರೂ ಮೀನು ಹಿಡಿಯುತ್ತಲೇ ಇರುತ್ತದೆ. ಹಾಗೆ ಸತ್ತ ಮೀನು ಯಾರ ಬುಟ್ಟಿಗೂ ಬಾರದು. ಮೀನುಗಾರನಿಗೆ ಬಲೆಯ ನಷ್ಟದ ಜೊತೆಗೆ ಮುಂದಿನ ಫಸಲಿನ ನಷ್ಟವೂ ಸೇರುತ್ತದೆ. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಅಂದಾಜಿನಂತೆ ಪ್ರತಿ ವರ್ಷ ಬಳಕೆಯಲ್ಲಿರುವ ಮೀನುಗಾರಿಕೆ ಸಲಕರಣೆಗಳಲ್ಲಿ ಸುಮಾರು ಶೇ. 2ರಷ್ಟು ಕಳೆದುಹೋಗುತ್ತವೆ, ಕಿವಿರು ಬಲೆಗಳೇ ಸುಮಾರು 2,963 ಚದರ ಕಿ.ಮೀ.ನಷ್ಟು.

ಮುಳುಗಿದ ಬಲೆಯನ್ನು ತೆಗೆಯುವ ಮಾರ್ಗಗಳು ಮುಖ್ಯವಾಗಿ ಎರಡು: ದೋಣಿಯಿಂದ ಕೊಕ್ಕೆ ಎಳೆಯುವುದು, ಇಲ್ಲವೇ ಮುಳುಗುಗಾರರು ಕತ್ತರಿಸಿ ಗಾಳಿಚೀಲಗಳಿಂದ ಮೇಲೆತ್ತುವುದು. ಮೊದಲನೆಯದರಿಂದ ತಳದ ಜೀವಿಗಳಿಗೆ ಹಾನಿಯಾಗಬಹುದು. ಎರಡನೆಯದರಲ್ಲಿ ಮುಳುಗುಗಾರನೇ ಬಲೆಗೆ ಸಿಲುಕುವ ಅಪಾಯವಿದೆ. ಎರಡೂ ದುಬಾರಿ. ಅಲ್ಲದೆ ಬಹುಕಾಲ ನೀರಿನಲ್ಲಿದ್ದ ಬಲೆಗೆ ಚಿಪ್ಪು, ಮರಳು, ಪಾಚಿ ಅಂಟಿರುವುದರಿಂದ ಕಚ್ಚಾವಸ್ತುವಾಗಿ ಅದರ ಬೆಲೆಯೂ ಕುಗ್ಗುತ್ತದೆ.

ಕೇರಳದ ಮಾದರಿ

ಬಲೆಯನ್ನೂ ಪ್ಲಾಸ್ಟಿಕ್ಕನ್ನೂ ದಡದಲ್ಲಿಯೇ ಪಡೆಯುವುದು ಅಗ್ಗದ ಮಾರ್ಗ. ಕೇರಳದ ಕೊಲ್ಲಂ ಜಿಲ್ಲೆಯ ನೀಂಡಕರದಲ್ಲಿ 2017ರಲ್ಲಿ ಆರಂಭವಾದ 'ಶುಚಿತ್ವ ಸಾಗರಂ' ಯೋಜನೆಯಲ್ಲಿ ಟ್ರಾಲ್ ದೋಣಿಗಳವರು ಬಲೆಗೆ ಸಿಕ್ಕ ಪ್ಲಾಸ್ಟಿಕ್ಕನ್ನು ಮರಳಿ ಸಮುದ್ರಕ್ಕೆ ಎಸೆಯದೆ ಬಂದರಿಗೆ ತಂದರು. ಅದನ್ನು ತೊಳೆದು, ಚೂರು ಮಾಡಿ, ರಸ್ತೆ ಡಾಂಬರಿಗೆ ಬೆರೆಸಲಾಯಿತು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ದೋಣಿಗಳು ದಡದಲ್ಲಿದ್ದು ಬಲೆಗಳ ದುರಸ್ತಿ ನಡೆಯುವ ಈ ಅವಧಿಯೇ ಹಳೆಯ ಬಲೆಗಳ ಖರೀದಿಗೆ ತಕ್ಕ ಕಾಲ.

ವಸ್ತುವಿನ ಪರೀಕ್ಷೆ

ಹಳೆಯ ಬಲೆಯ ವ್ಯಾಪಾರದಲ್ಲಿ ಲಾಭನಷ್ಟಗಳು ವಿಂಗಡಣೆಯನ್ನು ಅವಲಂಬಿಸಿವೆ. ನೈಲಾನ್-6 ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಪಾಲಿಥಿಲೀನ್ ಸುಮಾರು 130 ಡಿಗ್ರಿಯಲ್ಲಿಯೇ ಕರಗುತ್ತದೆ. ಬೆರಕೆ ಮಾಲಿನಿಂದ ಒಳ್ಳೆಯ ಪದಾರ್ಥ ಬಾರದು. ಗುರುತಿಸಲು ಎರಡು ಬಕೆಟ್ ಸಾಕು. ತೊಳೆದು, ಗಾಳಿಗುಳ್ಳೆ ಹೋಗುವಂತೆ ಹಿಂಡಿದ ತುಂಡನ್ನು ಸಿಹಿನೀರಿನಲ್ಲಿ ಹಾಕಿದಾಗ ಪಾಲಿಥಿಲೀನ್, ಪಾಲಿಪ್ರೊಪಿಲೀನ್ ತೇಲುತ್ತವೆ. ನೈಲಾನ್, ಪಾಲಿಯೆಸ್ಟರ್ ಮುಳುಗುತ್ತವೆ. ಮುಳುಗಿದ್ದನ್ನು ಉಪ್ಪು ಇನ್ನು ಕರಗದಷ್ಟು ಬೆರೆಸಿದ ನೀರಿಗೆ ಹಾಕಿದರೆ ನೈಲಾನ್ ತೇಲುತ್ತದೆ, ಪಾಲಿಯೆಸ್ಟರ್ ತಳ ಸೇರುತ್ತದೆ. ಸೀಸದ ಗುಂಡುಗಳನ್ನು ಮೊದಲೇ ಬೇರ್ಪಡಿಸತಕ್ಕದ್ದು.

ಶುದ್ಧ ನೈಲಾನ್-6ಕ್ಕೆ ವಿಶೇಷ ಗುಣವೊಂದಿದೆ. ಅದನ್ನು ರಾಸಾಯನಿಕ ಕ್ರಿಯೆಯಿಂದ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮ್‌ಗೆ ಮರಳಿಸಿ ಹೊಸ ನೂಲಿಗೆ ಸಮನಾದ ನೂಲನ್ನು ತೆಗೆಯಬಹುದು. ಇಟಲಿಯ ಅಕ್ವಾಫಿಲ್ ಸಂಸ್ಥೆಯು ಸ್ಲೊವೇನಿಯಾದಲ್ಲಿ 2011ರಿಂದ ಹೀಗೆ ಮಾಡುತ್ತಿದೆ. ಸಣ್ಣ ಘಟಕಗಳಿಗೆ ಆ ಯಂತ್ರಸ್ಥಾವರ ಎಟುಕದು. ಆದರೆ ಸಂಗ್ರಹಣೆ, ತೊಳೆಯುವಿಕೆ, ವಿಂಗಡಣೆ, ಮೂಟೆ ಕಟ್ಟುವಿಕೆ ಅವುಗಳ ಶಕ್ತಿಯೊಳಗಿನ ಕೆಲಸಗಳು.

ಕಾನೂನು ಮತ್ತು ಮಾರುಕಟ್ಟೆ

ಹಡಗುಗಳು ಪ್ಲಾಸ್ಟಿಕ್ಕನ್ನು ಸಮುದ್ರಕ್ಕೆ ಎಸೆಯುವುದನ್ನು ಮಾರ್‌ಪೋಲ್ ಒಪ್ಪಂದದ ಐದನೆಯ ಅನುಬಂಧವು 1988ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಐರೋಪ್ಯ ಒಕ್ಕೂಟವು 2019ರ ನಿರ್ದೇಶನದ ಮೂಲಕ ಪ್ಲಾಸ್ಟಿಕ್ ಅಂಶವಿರುವ ಮೀನುಗಾರಿಕೆ ಸಲಕರಣೆಗಳ ತ್ಯಾಜ್ಯದ ಹೊಣೆಯನ್ನು ಉತ್ಪಾದಕರಿಗೇ ವಹಿಸಿದೆ. ಭಾರತದಲ್ಲಿ 2022ರ ಫೆಬ್ರವರಿಯ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿಯು ಪ್ಲಾಸ್ಟಿಕ್ ಪ್ಯಾಕಿಂಗ್‌ಗೆ ಸಂಬಂಧಿಸಿದ್ದು, ಬಲೆಗಳಿಗಲ್ಲ. ಹೀಗಾಗಿ ಇಲ್ಲಿ ಹಳೆಯ ಬಲೆಯ ಸಂಗ್ರಹಣೆಯು ಅದರ ಮಾರುಕಟ್ಟೆ ಬೆಲೆಯ ಮೇಲೆಯೇ ನಿಂತಿದೆ.

ಕರ್ನಾಟಕವು 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ ಮುಂತಾದವುಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಗುರುತಿಸಿದ ಏಕಬಳಕೆಯ ವಸ್ತುಗಳಿಗೆ ನಿಷೇಧ ಬಂದಿತು. ಇದು ಅಡಿಕೆ ಹಾಳೆಯ ತಟ್ಟೆಗೆ ಅವಕಾಶ ಒದಗಿಸಿತು. ಆದರೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಹಾಳೆಯಲ್ಲಿನ ಸಹಜ ಆಲ್ಕಲಾಯ್ಡ್‌ಗಳ ಕಾರಣ ನೀಡಿ ಆ ತಟ್ಟೆಗಳಿಗೆ ಆಕ್ಷೇಪಿಸಿತು. ಬದಲಿ ವಸ್ತುವಿಗೂ ಪರೀಕ್ಷಾ ವರದಿ ಅವಶ್ಯವೆಂಬುದು ಇದರಿಂದ ಸ್ಪಷ್ಟ.

ಗಮನಿಸಬೇಕಾದ ಅಂಶಗಳು

1. ಕೆರೆ ಮೀನುಗಾರರ ಹರಿದ ಬಲೆಗಳನ್ನು ಅವರ ಸಹಕಾರ ಸಂಘಗಳ ಮೂಲಕ ತೂಕಕ್ಕೆ ಕೊಳ್ಳಬಹುದು.
2. ಬಲೆ ಮಾರುವ ಅಂಗಡಿಯವರು ಹಳೆಯ ಬಲೆಗೆ ರಿಯಾಯಿತಿ ನೀಡಿದರೆ ಮಾಲು ತಾನಾಗಿ ಮರಳುತ್ತದೆ.
3. ಖರೀದಿದಾರನ ಶುದ್ಧತೆಯ ಷರತ್ತನ್ನು ತಿಳಿದ ನಂತರವೇ ಸಂಗ್ರಹ ಆರಂಭಿಸುವುದು ಕ್ಷೇಮ.
4. ಗೊಬ್ಬರದ ಚೀಲ, ಹನಿ ನೀರಾವರಿಯ ಹಳೆಯ ಕೊಳವೆಗಳನ್ನು ಹಳ್ಳದ ದಡದಲ್ಲಿ ರಾಶಿ ಹಾಕದೆ ಮಳೆಗಾಲಕ್ಕೆ ಮುನ್ನವೇ ಸಾಗಿಸತಕ್ಕದ್ದು.

ದಡದಲ್ಲಿ ಕೊಂಡ ಬಲೆ ಸರಕು. ಮುಳುಗಿದ ಬಲೆ ಕೇವಲ ವೆಚ್ಚ. ಕಡಲಿನ ಶುದ್ಧೀಕರಣದ ಲೆಕ್ಕದಲ್ಲಿ ವರ್ತಕರು ಮೊದಲು ಗಮನಿಸಬೇಕಾದ ವ್ಯತ್ಯಾಸ ಇದೇ.